ಏನೂ ಆಗಲಿಲ್ಲವಲ್ಲ!

ಬ್ಯಾಂಕಿನ ನೌಕರಿಯ ಮೂವತ್ತೇಳು ವರ್ಷಗಳಲ್ಲಿ ನಾನು ಹನ್ನೊಂದು ಊರುಗಳಲ್ಲಿ ಇದ್ದವನು. ಹೊಸ ಊರಿಗೆ ವರ್ಗವಾದಾಗ ಮನೆ ಸಿಗುವತನಕ ಲಾಡ್ಜಿನಲ್ಲಿ ಇರಬೇಕಾಗುತ್ತಿತ್ತು. ಒಮ್ಮೆ ಹದಿನೈದು ದಿನ, ಒಮ್ಮೆ ತಿಂಗಳು. ಹೀಗಾಗಿ ಲಾಡ್ಜಿನ ವಿಷಯದಲ್ಲಿ ನನಗೆ ದೊಡ್ಡ ಆಸೆಗಳೇನೂ ಇಲ್ಲ. ತಿಗಣೆ ಕಂಡಿದ್ದೇನೆ, ಕೆಂಪು ನೀರು ಬರುವ ನಲ್ಲಿ ಕಂಡಿದ್ದೇನೆ, ಪಕ್ಕದ ಕೋಣೆಯವರ ಇಸ್ಪೀಟಿನ ಜಗಳವನ್ನು ರಾತ್ರಿಯಿಡೀ ಕೇಳಿದ್ದೇನೆ. ಅವೆಲ್ಲ ಆಮೇಲೆ ನೆನೆಸಿಕೊಂಡು ನಗುವಂಥವು. ಆದರೆ 2024ರ ಜೂನ್ ತಿಂಗಳಲ್ಲಿ ಚೆನ್ನೈನ ಪೆರುಂಗುಡಿಯಲ್ಲಿ ಕಳೆದ ಐದು ರಾತ್ರಿಗಳ ಬಗ್ಗೆ ನನಗೆ ಇನ್ನೂ ನಗು ಬಂದಿಲ್ಲ. ಅಲ್ಲಿ ನಮ್ಮದೇನೂ ಕಳುವಾಗಲಿಲ್ಲ, ಯಾರೂ ನಮ್ಮ ಮೈ ಮುಟ್ಟಲಿಲ್ಲ. ಹಾಗಿದ್ದರೆ ನಿಮಗಾದ ಅನ್ಯಾಯವಾದರೂ ಏನು ಎಂದು ಯಾರಾದರೂ ಕೇಳಿದರೆ ಥಟ್ಟನೆ ಹೇಳಲಾಗುವುದಿಲ್ಲ. ಹೇಳಲು ಬರುತ್ತದೆಯೇ ನೋಡೋಣ ಎಂದೇ ಇದನ್ನು ಬರೆಯುತ್ತಿದ್ದೇನೆ.

ಮಗ ಇರುವ ಊರಿನಲ್ಲಿ ಅಪ್ಪ ಅವ್ವ ಲಾಡ್ಜಿನಲ್ಲಿ ಇದ್ದರು ಎಂದರೆ ನಮ್ಮ ರಾಣೆಬೆನ್ನೂರಿನಲ್ಲಿ ಜನ ಏನೇನೋ ಅರ್ಥ ಹಚ್ಚುತ್ತಾರೆ. ಹಾಗೇನಿಲ್ಲ. ಸೊಸೆಯ ಚೊಚ್ಚಲ ಹೆರಿಗೆ. ಮೊದಲಿನಿಂದ ನೋಡುತ್ತಿದ್ದ ಡಾಕ್ಟರು ಅಲ್ಲೇ ಇದ್ದುದರಿಂದ ಹೆರಿಗೆಯೂ ಅಲ್ಲೇ ಎಂದಾಯಿತು. ಹುಬ್ಬಳ್ಳಿಯಿಂದ ಬೀಗರು ಬಂದು ತಿಂಗಳಾಗಿತ್ತು. ಎರಡು ಕೋಣೆಯ ಫ್ಲ್ಯಾಟು. ಒಂದರಲ್ಲಿ ಬಾಣಂತಿ, ಕೂಸು, ಬೀಗಿತ್ತಿ. ಇನ್ನೊಂದರಲ್ಲಿ ಬೀಗರು, ಮಗ. ನಾವಿಬ್ಬರೂ ಹಾಲ್‌ನಲ್ಲಿ ಚಾಪೆ ಹಾಸಿಕೊಂಡು ಮಲಗಲು ತಯಾರಿದ್ದೆವು. ಮಗನಿಗೇ ಸಂಕೋಚ. "ಅಪ್ಪಾ, ನಿಮ್ಮ ಮೊಣಕಾಲು ನೆಲದ ಮ್ಯಾಲೆ ಮಲಗಾಕ ಬರಂಗಿಲ್ಲ. ಇಲ್ಲೇ ಹತ್ತು ನಿಮಿಷದ ಹಾದಿ, ಚಲೋ ಹೋಟೆಲ್ ಐತಿ. ಫೋಟೋ ನೋಡೀನಿ" ಎಂದು ಮೊಬೈಲಿನಲ್ಲೇ ಐದು ದಿನಕ್ಕೆ ಕೋಣೆ ಹಿಡಿದು, ದುಡ್ಡೂ ಕಟ್ಟಿಬಿಟ್ಟಿದ್ದ. ದಿನಕ್ಕೆ 1,800 ರೂಪಾಯಿ. ಫೋಟೋದಲ್ಲಿ ಹಾಲಿನಂಥ ಬಿಳಿ ಹೊದಿಕೆ, ಮೇಲೆ ಹಂಸದ ಹಾಗೆ ಮಡಚಿಟ್ಟ ಟವೆಲು. ಕೆಳಗೆ ಬರೆದಿದ್ದರು: ಇಪ್ಪತ್ನಾಲ್ಕು ತಾಸು ಭದ್ರತೆ, ಸಿಸಿ ಕ್ಯಾಮೆರಾ, ಕುಟುಂಬಗಳಿಗೆ ಸೂಕ್ತ.

ಪೆರುಂಗುಡಿಯನ್ನು ನೋಡದವರಿಗಾಗಿ ಒಂದೆರಡು ಮಾತು. ಹಳೆಯ ಮಹಾಬಲಿಪುರಂ ರಸ್ತೆ, ಈಗ ಅಧಿಕೃತವಾಗಿ ರಾಜೀವ್ ಗಾಂಧಿ ಸಾಲೈ, ಇದರ ಮೇಲೆ ಕೂತಿರುವ ಊರು. ಪಟ್ಟಣ ಪಂಚಾಯಿತಿಯಾಗಿದ್ದದ್ದು 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. ಒಂದು ಕಡೆ ಗಾಜಿನ ಐಟಿ ಕಟ್ಟಡಗಳು, ಇನ್ನೊಂದು ಕಡೆ 2022ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಪಳ್ಳಿಕರಣೈ ಜೌಗು ಪ್ರದೇಶ, ಆ ಜೌಗಿನ ಅಂಚಿನಲ್ಲೇ ಇಡೀ ದಕ್ಷಿಣ ಚೆನ್ನೈನ ಕಸ ಸುರಿದು ಎದ್ದ ಗುಡ್ಡ. ಗಾಳಿ ತಿರುಗಿದರೆ ವಾಸನೆ. ನಾವು ಹೋದಾಗ ಮುಖ್ಯ ರಸ್ತೆಯಲ್ಲಿ ಮೆಟ್ರೋ ಕಂಬಗಳು ಏಳುತ್ತಿದ್ದವು, ತಗಡಿನ ಬೇಲಿಯ ನಡುವೆ ವಾಹನಗಳು ತೆವಳುತ್ತಿದ್ದವು. ಒಳಗಿನ ಓಣಿಗಳಲ್ಲಿ ಮಾತ್ರ ಇನ್ನೂ ಹಳ್ಳಿಯಿದೆ. ಬಾಗಿಲ ಮುಂದೆ ರಂಗೋಲಿ, ಅಮ್ಮನ ಗುಡಿ, ಹೂ ಕಟ್ಟುವ ಹೆಂಗಸರು. ಆ ಓಣಿಗಳಲ್ಲೇ, ಕೆಲಸ ಹುಡುಕಿ ಬರುವ ಹುಡುಗರಿಗೆ, ಆಸ್ಪತ್ರೆಗೆ ಬರುವ ಪರವೂರವರಿಗೆ ಎಂದು ಮೂರು ನಾಲ್ಕು ಅಂತಸ್ತಿನ ಹೋಟೆಲುಗಳು. ನಮ್ಮದು ಅಂಥದ್ದೊಂದು. ಹೆಸರು ಬೇಡ.

ಕನ್ನಡಿಗನಾಗಿ ನನಗೆ ಚೆನ್ನೈನ ಹೋಟೆಲು ಎಂದರೆ ಒಂದು ಬಗೆಯ ನಂಟಸ್ತನದ ಭಾವನೆ ಇತ್ತು. ಕಡಂದಲೆಯ ಕೃಷ್ಣರಾಯರು ಬರಿಗೈಯಲ್ಲಿ ಮದ್ರಾಸಿಗೆ ಹೋಗಿ, 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ತೆರೆದರಲ್ಲ, ಊಟದ ಜೊತೆಗೆ ತಂಗುವ ಕೋಣೆಗಳನ್ನೂ ಇಟ್ಟರಲ್ಲ, ಅಂದಿನಿಂದ ಆ ಊರಿನವರಿಗೆ ಅಚ್ಚುಕಟ್ಟು ಎಂದರೆ ಉಡುಪಿಯವರ ಅಚ್ಚುಕಟ್ಟು. ಆ ಕಾಲದ ಮಾತು ಈಗೇಕೆ ಎನ್ನಬಹುದು. ಹೋದ ಕೂಡಲೇ ನೆನಪಾದದ್ದು ಅದೇ, ಅದಕ್ಕೆ ಹೇಳಿದೆ.

ನಮಗೆ ಸಿಕ್ಕ ಕೋಣೆ 204. ಬ್ಯಾಂಕಿನವನ ಕಣ್ಣು, ಹೋದಲ್ಲೆಲ್ಲ ಇನ್‌ಸ್ಪೆಕ್ಷನ್ ಮಾಡುತ್ತದೆ. ಲಿಫ್ಟು ಕೆಟ್ಟಿತ್ತು. ತುರ್ತು ಮೆಟ್ಟಿಲ ಬಾಗಿಲಿಗೆ ಬೀಗ. ಗಾಜಿನಿಂದ ಇಣುಕಿದರೆ ಮೆಟ್ಟಿಲ ಮೇಲೆ ಹಳೇ ಗಾದಿಗಳ ರಾಶಿ. ಗೋಡೆಗೆ ನೇತುಹಾಕಿದ ಬೆಂಕಿ ಆರಿಸುವ ಸಿಲಿಂಡರಿನ ಅವಧಿ ಮುಗಿದು ಎರಡು ವರ್ಷವಾಗಿತ್ತು. ಕೋಣೆಯೊಳಗೆ ಗೀಜರ್ ಸ್ವಿಚ್ಚು ಒತ್ತಿದರೆ ಚಟ್ ಎಂದು ಕಿಡಿ. ಬಚ್ಚಲ ಕಿಟಕಿಗೆ ಗಾಜಿನ ಪಟ್ಟಿಗಳೇ ಇರಲಿಲ್ಲ, ಆಚೆ ಪಕ್ಕದ ಕಟ್ಟಡದ ಮೆಟ್ಟಿಲು. ಹೊದಿಕೆಯೂ ಬಿಳಿ ಅಲ್ಲ, ಹಂಸವೂ ಇಲ್ಲ. ಇದನ್ನೆಲ್ಲ ನಾನು ಸಹಿಸಿಕೊಂಡೆ. ಆದರೆ ರಾತ್ರಿ ಬಾಗಿಲು ಹಾಕಲು ಹೋದ ಹೆಂಡತಿ "ಅಲ್ರೀ, ಇದಕ್ಕ ಚಿಲಕಾನ ಇಲ್ಲ ನೋಡ್ರಿ" ಎಂದಳು. ಚಿಲಕ ಇತ್ತು, ಅದು ಹೋಗಿ ಕೂರಬೇಕಾದ ಜಾಗದಲ್ಲಿ ಚೌಕಟ್ಟು ಸೀಳಿ ಹೋಗಿತ್ತು. ತಿರುವುವ ಗುಬ್ಬಿಯ ಲಾಕು ಮಾತ್ರ ಉಳಿದಿತ್ತು. ಅದನ್ನು ಹೊರಗಿನಿಂದ ಕೀಲಿಕೈ ಹಾಕಿದರೆ ಯಾರೂ ತೆಗೆಯಬಹುದು.

ಕೆಳಗೆ ಫೋನು ಮಾಡಿದೆ. "ನಾಳೆ ಬೆಳಿಗ್ಗೆ ಕಾರ್ಪೆಂಟರ್ ಬರ್ತಾನೆ ಸಾರ್." ಬೆಳಿಗ್ಗೆ ಬರಲಿಲ್ಲ. ನಾವು ಮೊಮ್ಮಗಳನ್ನು ನೋಡುವ ಗಡಿಬಿಡಿಯಲ್ಲಿ ಮರೆತೆವು.

ಎರಡನೆಯ ರಾತ್ರಿ ಎರಡು ಗಂಟೆ ಹೊತ್ತಿಗೆ ಬಾಗಿಲು ತೆರೆಯಿತು. ಪಡಸಾಲೆಯ ದೀಪದ ಬೆಳಕು ಹಾಸಿಗೆಯ ಮೇಲೆ ಬಿತ್ತು. ಬಾಗಿಲಲ್ಲಿ ಒಬ್ಬ ಆಳು ನಿಂತಿದ್ದ. ನಾನು ಎದ್ದು ಕೂತೆ, ಬಾಯಿಂದ ಮಾತು ಬರಲಿಲ್ಲ. ಮೂವತ್ತೇಳು ವರ್ಷ ಸ್ಟ್ರಾಂಗ್ ರೂಮಿನ ಕೀಲಿಕೈ ಸೊಂಟಕ್ಕೆ ಕಟ್ಟಿಕೊಂಡವನಿಗೆ "ಯಾರು" ಎಂದು ಕೇಳಲೂ ಆಗಲಿಲ್ಲ. ಹೆಂಡತಿ ಎರಡೂ ಕೈಯಿಂದ ತಾಳಿ ಹಿಡಿದುಕೊಂಡು ಗೋಡೆಗೆ ಒತ್ತಿ ಕೂತಿದ್ದಳು. ನಾಲ್ಕೈದು ಕ್ಷಣ ಇದ್ದಿರಬೇಕು. ಆಮೇಲೆ ಆ ಆಳು ಇಂಗ್ಲಿಷಿನಲ್ಲಿ ಸಾರಿ ಸಾರಿ ಎನ್ನುತ್ತ ಹಿಂದೆ ಸರಿದ. ಇಪ್ಪತ್ತೆರಡರ ಹುಡುಗ, ಬೆನ್ನಿಗೆ ಚೀಲ, ಕೈಯಲ್ಲಿ 204 ಎಂದು ಬರೆದ ಕೀಲಿಕೈ. ರಾತ್ರಿ ಬಸ್ಸಿಗೆ ಬಂದಿದ್ದನಂತೆ, ಬೆಳಿಗ್ಗೆ ಇಂಟರ್‌ವ್ಯೂ. ಕೌಂಟರಿನಲ್ಲಿದ್ದವನು ರಿಜಿಸ್ಟರ್ ನೋಡದೆ ಗೂಟಕ್ಕಿದ್ದ ಎರಡನೇ ಕೀಲಿಕೈ ತೆಗೆದು ಕೊಟ್ಟಿದ್ದ. ಆ ಹುಡುಗ ನಮಗಿಂತ ಹೆಚ್ಚು ನಡುಗುತ್ತಿದ್ದ. ಪಾಪ, ಅವನ ತಪ್ಪೇನು?

ಆ ಮೇಲೆ ಟೇಬಲ್ಲನ್ನು ಎಳೆದು ಬಾಗಿಲಿಗೆ ಅಡ್ಡ ಇಟ್ಟೆವು, ಮೇಲೆ ಸೂಟ್‌ಕೇಸು. ದೀಪ ಆರಿಸಲಿಲ್ಲ, ಮಲಗಲೂ ಇಲ್ಲ.

ಬೆಳಿಗ್ಗೆ ಮ್ಯಾನೇಜರನ ಮುಂದೆ ನಿಂತು ಎಲ್ಲ ಹೇಳಿದೆ. ಹಿಂದೆ ಮೂರು ವರ್ಷ ಹೊಸೂರಿನ ಶಾಖೆಯಲ್ಲಿದ್ದುದರಿಂದ ನನಗೆ ತಮಿಳು ತಿಳಿಯುತ್ತದೆ. ಅವನು ಪೂರ್ತಿ ಕೇಳಿಸಿಕೊಂಡ, ಒರಟಾಗಿ ಮಾತಾಡಲಿಲ್ಲ, ಎರಡು ಕಾಫಿ ತರಿಸಿದ. ಆಮೇಲೆ ಸಮಾಧಾನ ಮಾಡುವ ದನಿಯಲ್ಲಿ, "ಒಣ್ಣುಮ್ ಆಗಲೆಯೇ ಸಾರ್" ಎಂದ. ಏನೂ ಆಗಲಿಲ್ಲವಲ್ಲ ಸಾರ್.

ಕಾಫಿ ಲೋಟ ಕೈಯಲ್ಲೇ ಉಳಿಯಿತು. ಸಿಟ್ಟು ಬಂದಿತ್ತು, ಆದರೆ ಲೋಟ ಕೈಯಲ್ಲಿ ಉಳಿದದ್ದು ಸಿಟ್ಟಿನಿಂದಲ್ಲ. ಆ ಮಾತನ್ನು ನಾನು ಮೊದಲೇ ಕೇಳಿದ್ದೆ. ಕೇಳಿದ್ದಲ್ಲ, ಆಡಿದ್ದೆ.

1996. ನಾನು ಸೊಲ್ಲಾಪುರದ ಶಾಖೆಯಲ್ಲಿ ಲಾಕರ್ ನೋಡಿಕೊಳ್ಳುವ ಅಧಿಕಾರಿ. ಸೊಲ್ಲಾಪುರ ಮಹಾರಾಷ್ಟ್ರದಲ್ಲಿದ್ದರೂ ನಮ್ಮ ಗ್ರಾಹಕರಲ್ಲಿ ಅರ್ಧದಷ್ಟು ಜನ ಕೌಂಟರಿನಲ್ಲಿ ಕನ್ನಡವನ್ನೇ ಮಾತಾಡುತ್ತಿದ್ದರು. ಬ್ಯಾಂಕಿನ ಲಾಕರಿಗೆ ಎರಡು ಕೀಲಿಕೈ ಎಂಬುದು ನಿಮಗೆ ಗೊತ್ತೇ ಇದೆ. ಬ್ಯಾಂಕಿನ ಮಾಸ್ಟರ್ ಕೀಲಿಕೈಯನ್ನು ಮೊದಲು ತಿರುಗಿಸಬೇಕು, ಆಮೇಲೆ ಗ್ರಾಹಕರದು. ಮುಚ್ಚುವಾಗ ಗ್ರಾಹಕರ ಕೀಲಿಕೈ ಒಂದೇ ಸಾಕು. ದಿನದ ಕೊನೆಗೆ ಒಬ್ಬ ಅಧಿಕಾರಿ ಒಳಗೆ ಹೋಗಿ ಅಂದು ತೆಗೆದ ಲಾಕರುಗಳೆಲ್ಲ ಸರಿಯಾಗಿ ಮುಚ್ಚಿವೆಯೇ ಎಂದು ಮುಟ್ಟಿ ನೋಡಿ, ರಿಜಿಸ್ಟರಿನಲ್ಲಿ ಸಹಿ ಹಾಕಬೇಕು.

ಒಂದು ಸಂಜೆ ಮುಟ್ಟಿ ನೋಡಿದಾಗ ಒಂದು ಲಾಕರಿನ ಬಾಗಿಲು ಬೆರಳಿಗೆ ತೆರೆದುಕೊಂಡಿತು. ಒಬ್ಬ ನಿವೃತ್ತ ಶಿಕ್ಷಕಿಯದು, ಒಂಟಿ ಹೆಂಗಸು. ಕೀಲಿಕೈ ಪೂರ್ತಿ ತಿರುಗಿಸದೆ ಹೋಗಿದ್ದರು. ನಾನು ಒಳಗೆ ಕೈ ಹಾಕಲಿಲ್ಲ. ಬಾಗಿಲು ತಳ್ಳಿ, ಮೇಲೊಂದು ಕಾಗದ ಅಂಟಿಸಿ, ಸ್ಟ್ರಾಂಗ್ ರೂಮಿಗೆ ಬೀಗ ಹಾಕಿದೆ. ಶಾಖೆಯಲ್ಲಿ ಫೋನಿತ್ತು, ಅವರ ಪಕ್ಕದ ಮನೆಯವರ ನಂಬರೂ ಅರ್ಜಿಯಲ್ಲಿತ್ತು. ಫೋನು ಮಾಡಲಿಲ್ಲ. ಹೇಳಿದರೆ ಸುಮ್ಮನೆ ಗಾಬರಿಯಾಗುತ್ತಾರೆ, ಮೇಲಿನವರಿಗೆ ಗೊತ್ತಾದರೆ ವಿವರಣೆ ಕೇಳುತ್ತಾರೆ, ಮುಂದಿನ ಸಲ ಬಂದಾಗ ಮೆಲ್ಲಗೆ ಹೇಳಿದರಾಯಿತು ಎಂದುಕೊಂಡೆ. ರಿಜಿಸ್ಟರಿನಲ್ಲಿ ಎಲ್ಲ ಸರಿ ಇದೆ ಎಂದು ಸಹಿ ಹಾಕಿದೆ. ಮೂರನೆಯ ದಿನ ಆಕೆ ತಾವೇ ಬಂದರು. ಕಾಗದ ನೋಡಿದರು. ಪ್ರತಿಯೊಂದು ಡಬ್ಬಿ ತೆಗೆದು ನೋಡಿದರು, ಒಂದೂ ಕಡಿಮೆಯಾಗಿರಲಿಲ್ಲ. ನಾನು ಗೆದ್ದವನಂತೆ, "ಏನೂ ಹೋಗಿಲ್ಲವಲ್ಲ ತಾಯಿ" ಎಂದೆ. ಆಕೆ ಕೇಳಿದ್ದು ಒಂದೇ ಮಾತು: "ಎರಡು ದಿನ ನಿಮಗ ಗೊತ್ತಿತ್ತಲ್ಲ?" ವಾರದೊಳಗೆ ಲಾಕರ್ ಬಿಟ್ಟುಕೊಟ್ಟು ಬೇರೆ ಬ್ಯಾಂಕಿಗೆ ಹೋದರು. ಹಟಮಾರಿ ಮುದುಕಿ ಎಂದು ನಾವು ಸ್ಟಾಫಿನವರು ಚಹಾ ಕುಡಿಯುತ್ತ ಮಾತಾಡಿಕೊಂಡೆವು.

ಇಪ್ಪತ್ತೆಂಟು ವರ್ಷದ ಮೇಲೆ, ಪೆರುಂಗುಡಿಯ ಕೌಂಟರಿನ ಈಚೆ ಬದಿಗೆ ನಿಂತು ನೋಡಿದಾಗ ಆಕೆ ಹಟಮಾರಿ ಎನ್ನಿಸಲಿಲ್ಲ.

ವಾಣಿಜ್ಯಶಾಸ್ತ್ರ ಓದಿದ ನಮಗೆ ನಷ್ಟವೆಂದರೆ ಪುಸ್ತಕದಲ್ಲಿ ಬರೆಯಬಹುದಾದದ್ದು. ಖರ್ಚಿನ ಬದಿಗೆ ಒಂದು ಅಂಕಿ ಬೀಳಬೇಕು. ಅಂಕಿ ಇಲ್ಲದಿದ್ದರೆ ನಷ್ಟವಿಲ್ಲ, ನಷ್ಟವಿಲ್ಲದಿದ್ದರೆ ತಕರಾರಿಲ್ಲ. ಮ್ಯಾನೇಜರನೂ ಅದೇ ಲೆಕ್ಕದಲ್ಲಿ ಮಾತಾಡಿದ, ನಾನೂ ಅಂದು ಅದೇ ಲೆಕ್ಕದಲ್ಲಿ ಮಾತಾಡಿದ್ದೆ. ಹಾಗೆ ನೋಡಿದರೆ ಬದುಕೇ ಅಪಾಯದ ನಡುವೆ ಇದೆ. ಬೇಸಿಗೆಯಲ್ಲಿ ನಾವು ಹುಡುಗರು ಮನೆಯ ಮುಂದಿನ ಕಟ್ಟೆಯ ಮೇಲೆ, ಬಾಗಿಲೇ ಇಲ್ಲದ ಜಾಗದಲ್ಲಿ ಮಲಗುತ್ತಿದ್ದೆವು. ಯಾತ್ರೆಗೆ ಹೋದರೆ ಧರ್ಮಛತ್ರದ ಪಡಸಾಲೆಯಲ್ಲಿ ಟ್ರಂಕನ್ನೇ ತಲೆದಿಂಬು ಮಾಡಿಕೊಂಡು ನೂರು ಜನರ ನಡುವೆ ನಿದ್ದೆ ಹೋಗುತ್ತಿದ್ದೆವು. ಆಗ ಯಾರ ಮೇಲೂ ದೂರಿರಲಿಲ್ಲ. ಈಗ ನಾಲ್ಕು ಗೋಡೆ, ಒಂದು ಬಾಗಿಲು ಇದ್ದೂ ಅನ್ಯಾಯವಾಯಿತು ಎನ್ನುತ್ತಿದ್ದೇನೆ. ಯಾಕೆ?

ದುಡ್ಡು ಕೊಟ್ಟಿದ್ದೆ, ಅದಕ್ಕೆ ಎನ್ನಬಹುದು. ಅದು ಅರ್ಧ ಉತ್ತರ. 1,800 ರೂಪಾಯಿಗೆ ಇಷ್ಟೇ ಸಿಗುವುದು ಎಂದು ಹೇಳುವವರೂ ಇದ್ದಾರೆ, ನನ್ನ ಬೀಗರೇ ಆಮೇಲೆ ಹಾಗೆಂದರು. ಕಡಿಮೆ ದುಡ್ಡಿಗೆ ತೆಳ್ಳನೆ ಟವೆಲು, ಸಣ್ಣ ಸಾಬೂನು, ಕೆಟ್ಟ ಲಿಫ್ಟು, ಇವನ್ನು ಒಪ್ಪುತ್ತೇನೆ. ಚಿಲಕ ಅಂಥದ್ದಲ್ಲ. ಹೋಟೆಲಿನವನು ಮಂಚ, ಗಾದಿ ಬಾಡಿಗೆಗೆ ಕೊಡುತ್ತಾನೆ ಎಂದು ನಾವು ತಿಳಿದಿದ್ದೇವೆ. ಅವನು ಕೊಡುವುದು ಗೊತ್ತಿಲ್ಲದ ಊರಿನಲ್ಲಿ, ಗೊತ್ತಿಲ್ಲದ ಜನರ ನಡುವೆ ಮೈಮರೆಯುವ ಅನುಕೂಲವನ್ನು. ಎಚ್ಚರವಿರುವ ಮನುಷ್ಯ ತನ್ನನ್ನು ತಾನು ಕಾಯ್ದುಕೊಳ್ಳಬಲ್ಲ. ನಿದ್ದೆಹೋದವನು ಯಾರೋ ಒಬ್ಬರಿಗೆ ತನ್ನನ್ನು ಒಪ್ಪಿಸಿಯೇ ಕಣ್ಣು ಮುಚ್ಚಬೇಕು. ಮನೆಯಲ್ಲಿ ಅದು ಗೋಡೆಗೆ, ಹೆಂಡತಿಗೆ, ಓಣಿಯ ನಾಯಿಗೆ. ಪರವೂರಿನಲ್ಲಿ ಕೌಂಟರಿನಲ್ಲಿ ಕೂತವನಿಗೆ.

ಎಂಕಾಂನಲ್ಲಿ ಭಾರತೀಯ ಕರಾರು ಕಾಯಿದೆ, 1872, ಓದಿದ್ದು ನೆನಪಿದೆ. 148ನೆಯ ಕಲಮಿನಿಂದ ಮುಂದೆ ಒಬ್ಬನ ವಸ್ತುವನ್ನು ಇನ್ನೊಬ್ಬನ ವಶಕ್ಕೆ ಕೊಡುವ ವಿಚಾರ. ಕೈಗೆ ಬಂದ ವಸ್ತುವನ್ನು, ವಿವೇಕವುಳ್ಳ ಸಾಮಾನ್ಯ ಮನುಷ್ಯ ತನ್ನ ಅಂಥದೇ ವಸ್ತುವನ್ನು ಹೇಗೆ ನೋಡಿಕೊಳ್ಳುತ್ತಾನೋ ಹಾಗೆ ನೋಡಿಕೊಳ್ಳಬೇಕು ಎಂದು 151ನೆಯ ಕಲಮು ಹೇಳುತ್ತದೆ. ಕಾಯಿದೆ ಮಾತಾಡುವುದು ಸಾಮಾನಿನ ಬಗ್ಗೆ. ಸಾಮಾನಿನ ಒಡೆಯ ನಿದ್ದೆ ಮಾಡುತ್ತಿದ್ದಾನಲ್ಲ, ಅವನು?

ಇದಕ್ಕೂ ಹಳೆಯದು 1867ರ ಸರಾಯಿಗಳ ಕಾಯಿದೆ. ಸರಾಯಿ ಎಂದರೆ ದಾರಿಹೋಕರ ತಂಗುದಾಣ. ಬ್ರಿಟಿಷರು ಬರೆದ ಸಣ್ಣ ಕಾಯಿದೆ, ಆದರೆ ಓದಿದರೆ ಆಶ್ಚರ್ಯವಾಗುತ್ತದೆ. ಸರಾಯಿ ನಡೆಸುವವನು ಕೋಣೆ, ಪಡಸಾಲೆ, ಚರಂಡಿ, ಬಾವಿಗಳನ್ನು ಶುಚಿಯಾಗಿಡಬೇಕು. ಬಾಗಿಲು, ಗೋಡೆ, ಬೇಲಿ, ಮಾಡುಗಳನ್ನು ದುರಸ್ತಿಯಲ್ಲಿಡಬೇಕು. ಕಳ್ಳರು ಹತ್ತಿ ಇಳಿಯಲು ಅನುಕೂಲವಾಗುವ ಮರವನ್ನೂ ಕೊಂಬೆಯನ್ನೂ ಕಡಿಸಬೇಕು. ತಂಗಿದವರ, ಅವರ ದನಕರು ಗಾಡಿಗಳ ರಕ್ಷಣೆಗೆ ಬೇಕಾದಷ್ಟು ಕಾವಲುಗಾರರನ್ನು ಇಡಬೇಕು. ದರದ ಪಟ್ಟಿ ತೂಗುಹಾಕಬೇಕು. ನಮ್ಮ ಹೋಟೆಲಿನಲ್ಲಿ ಇವುಗಳಲ್ಲಿ ಕೊನೆಯದೊಂದು ಮಾತ್ರ ಚೊಕ್ಕವಾಗಿ ಪಾಲನೆಯಾಗಿತ್ತು. ಜೊತೆಗೆ, ಅತಿಥಿಯನ್ನು ದೇವರೆನ್ನುವ ಉಪನಿಷತ್ತಿನ ಮಾತನ್ನು ಬಂಗಾರದ ಬಣ್ಣದಲ್ಲಿ ಬರೆಸಿ ಕೌಂಟರಿನ ಮೇಲೆ ಹಾಕಿದ್ದರು. ದೇವರಿಗೆ ಚಿಲಕ ಯಾಕೆ ಎಂದಿರಬೇಕು.

ನಮ್ಮ ಜಿಲ್ಲೆಯವರೇ, ಹಿರೇಕೆರೂರು ತಾಲ್ಲೂಕು ಚಿಕ್ಕೇರೂರಿನ ಮೋಹನ ಶಾಂತನಗೌಡರ ಅವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿದ್ದರು. ಅವರು ಬರೆದ ಎರಡು ತೀರ್ಪುಗಳು ಈ ವಿಷಯಕ್ಕೆ ಬಹಳ ಹತ್ತಿರದವು. ಮೊದಲನೆಯದು 2019ರ ನವೆಂಬರಿನದು. 1998ರ ಆಗಸ್ಟಿನ ಒಂದು ರಾತ್ರಿ ದೆಹಲಿಯ ದೊಡ್ಡ ಹೋಟೆಲೊಂದಕ್ಕೆ ಹೋದವರು ತಮ್ಮ ಮಾರುತಿ ಜೆನ್ ಕಾರಿನ ಕೀಲಿಕೈಯನ್ನು ಹೋಟೆಲಿನ ಆಳಿಗೆ ಕೊಟ್ಟು ಒಳಗೆ ಹೋದರು. ಹೊರಗೆ ಬರುವಷ್ಟರಲ್ಲಿ ಕಾರನ್ನು ಬೇರೆ ಯಾರೋ ಒಯ್ದಿದ್ದರು. ಗಾಡಿ ನಿಲ್ಲಿಸುವುದು ನಿಮ್ಮ ಸ್ವಂತ ಜವಾಬ್ದಾರಿಯ ಮೇಲೆ ಎಂದು ಚೀಟಿಯಲ್ಲಿ ಅಚ್ಚು ಹಾಕಿದ್ದೇವೆ ಎಂದಿತು ಹೋಟೆಲು. ನ್ಯಾಯಾಲಯ ಒಪ್ಪಲಿಲ್ಲ. ಕೀಲಿಕೈ ಕೈಗೆ ತೆಗೆದುಕೊಂಡ ಮೇಲೆ, ನಾವು ಸಾಕಷ್ಟು ಜಾಗ್ರತೆ ವಹಿಸಿದ್ದೆವು ಎಂದು ತೋರಿಸುವ ಭಾರ ಹೋಟೆಲಿನದೇ, ಅದನ್ನು ತೋರಿಸದೆ ಚೀಟಿಯ ಹಿಂದೆ ಅಡಗುವಂತಿಲ್ಲ ಎಂದಿತು. ಇಷ್ಟು ಹೇಳಲು ಇಪ್ಪತ್ತೊಂದು ವರ್ಷ ಬೇಕಾಯಿತು, ಇರಲಿ.

ಎರಡನೆಯದು 2021ರ ಫೆಬ್ರವರಿಯದು, ಲಾಕರಿನ ಬಗ್ಗೆ. ಕೊಲ್ಕತ್ತಾದ ಗ್ರಾಹಕರೊಬ್ಬರ ಲಾಕರನ್ನು, ಬಾಡಿಗೆ ಬಾಕಿ ಇಲ್ಲದಿದ್ದರೂ, ಒಂದು ಸರಕಾರಿ ಬ್ಯಾಂಕು ತಿಳಿಸದೆಯೇ ಒಡೆಸಿತ್ತು. ಒಳಗೆ ಏನಿತ್ತೋ ನಮಗೆ ಗೊತ್ತಿಲ್ಲ ಎಂದು ಬ್ಯಾಂಕುಗಳು ಕೈ ತೊಳೆದುಕೊಳ್ಳುವಂತಿಲ್ಲ ಎಂದು ಕೋರ್ಟು ಹೇಳಿತು, ಐದು ಲಕ್ಷ ರೂಪಾಯಿ ಪರಿಹಾರ ಕೊಡಿಸಿತು, ಆರು ತಿಂಗಳಲ್ಲಿ ನಿಯಮ ಮಾಡಿ ಎಂದು ರಿಸರ್ವ್ ಬ್ಯಾಂಕಿಗೆ ಸೂಚಿಸಿತು. ಈ ತೀರ್ಪು ಬಂದ ಎರಡು ತಿಂಗಳಿಗೆ ಶಾಂತನಗೌಡರ ತೀರಿಕೊಂಡರು. ಆಗಸ್ಟಿನಲ್ಲಿ ನಿಯಮ ಬಂತು, 2022ರ ಜನವರಿ 1ರಿಂದ ಜಾರಿಯಾಯಿತು. ಕಳವು, ಬೆಂಕಿ, ಕಟ್ಟಡ ಕುಸಿತ, ನೌಕರರ ಮೋಸ, ಇವುಗಳಿಂದ ನಷ್ಟವಾದರೆ ವಾರ್ಷಿಕ ಬಾಡಿಗೆಯ ನೂರು ಪಟ್ಟಿನವರೆಗೆ ಬ್ಯಾಂಕು ಹೊಣೆ ಎಂಬುದನ್ನು ಪತ್ರಿಕೆಗಳು ದೊಡ್ಡದಾಗಿ ಬರೆದವು. ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಲಾಕರು ಸರಿಯಾಗಿ ಮುಚ್ಚಿಲ್ಲ ಎಂದು ಕಂಡರೆ ಅಧಿಕಾರಿ ಕೂಡಲೇ ಮುಚ್ಚಿ, ಗ್ರಾಹಕರಿಗೆ ತಡಮಾಡದೆ ತಿಳಿಸಬೇಕು ಎಂಬ ಒಂದು ಸಾಲು. ನಷ್ಟವಾಗಿರಬೇಕು ಎಂಬ ಷರತ್ತಿಲ್ಲ ಅಲ್ಲಿ. ಗೊತ್ತಾದರೆ ಸಾಕು, ಹೇಳಬೇಕು.

ಪೆರುಂಗುಡಿಯಲ್ಲಿ ನನಗಾದ ಅನ್ಯಾಯ ಇದೇ ಇರಬೇಕು. ಚಿಲಕ ಮುರಿದದ್ದು ಅನ್ಯಾಯವಲ್ಲ; ಲೋಕದಲ್ಲಿ ಎಲ್ಲವೂ ಮುರಿಯುತ್ತದೆ. ಧರ್ಮಛತ್ರದವನು ನಮಗೆ ಕಾವಲಿನ ಮಾತು ಕೊಟ್ಟಿರಲಿಲ್ಲ, ನಾವೇ ಟ್ರಂಕಿನ ಮೇಲೆ ತಲೆಯಿಟ್ಟೆವು. ಇಲ್ಲಿ ಮಾತು ಕೊಟ್ಟಿದ್ದರು, ಆ ಮಾತು ಟೊಳ್ಳೆಂದು ಅವರಿಗೆ ಗೊತ್ತಿತ್ತು, ಗೊತ್ತಿದ್ದೂ ನಮ್ಮನ್ನು ಮಲಗಲು ಕಳಿಸಿದರು. ಗೊತ್ತಿತ್ತು ಎಂದು ನಾನು ಊಹೆಯಿಂದ ಹೇಳುತ್ತಿಲ್ಲ. ಕೌಂಟರಿನ ಮೇಲೆ ರಿಪೇರಿಯ ರಿಜಿಸ್ಟರು ಬಿದ್ದಿತ್ತು. ರಿಜಿಸ್ಟರು ಕಂಡರೆ ತಿರುವಿ ನೋಡದೆ ಇರಲು ನನ್ನಿಂದಾಗುವುದಿಲ್ಲ. 204, ಬಾಗಿಲ ಬೋಲ್ಟು ಎಂದು ಮೂರು ಸಲ ಬರೆದಿತ್ತು. ಮೊದಲನೆಯದು ಏಪ್ರಿಲ್‌ನದು. ಮುಂದಿನ ಕಾಲಮ್ಮು ಮೂರರಲ್ಲೂ ಖಾಲಿ.

ಬರೆದವನು ಯಾರು ಎಂದು ಕೇಳಿದಾಗ ವಿಷಯ ಇನ್ನೊಂದು ದಿಕ್ಕಿಗೆ ಹೊರಳಿತು. ಬರೆದವನು ರಾತ್ರಿಯ ವಾಚ್‌ಮನ್. ಅವನನ್ನೇ ಮ್ಯಾನೇಜರು ನನ್ನೆದುರಿಗೆ ಕರೆಸಿ, ಗೇಟಿನಲ್ಲಿ ಕೂತು ಏನು ನೋಡ್ತಿದ್ದೆ, ಗೆಸ್ಟಿನ ರೂಮಿಗೆ ಜನ ಹೋಗೋವರೆಗೆ ನಿದ್ದೆ ಮಾಡ್ತಿದ್ದೆಯಾ ಎಂದು ಬೈಯತೊಡಗಿದ್ದ. ನನ್ನ ಕಡೆ ತಿರುಗಿ, "ಇವತ್ತೇ ಏಜೆನ್ಸಿಗೆ ಹೇಳಿ ಇವನನ್ನ ತೆಗೆಸ್ತೀನಿ ಸಾರ್" ಎಂದ. ನನಗೆ ಕೊಟ್ಟ ಪರಿಹಾರ ಅದು! ವಾಚ್‌ಮನ್ ನನ್ನದೇ ವಯಸ್ಸಿನವನು, ಅರವತ್ತು ದಾಟಿದವನು. ತಿರುವಣ್ಣಾಮಲೈ ಕಡೆಯ ಒಣಭೂಮಿಯ ರೈತ. ಹನ್ನೆರಡು ತಾಸಿನ ಪಾಳಿ. ನಡುವೆ ಗೆಸ್ಟುಗಳ ಸಾಮಾನು ಹೊರಬೇಕು, ನೀರಿನ ಕ್ಯಾನು ಏರಿಸಬೇಕು, ಕಾರು ಹಿಂದೆ ತೆಗೆಯುವಾಗ ಸೀಟಿ ಊದಬೇಕು. ಖಾಸಗಿ ಭದ್ರತಾ ಏಜೆನ್ಸಿಗಳ ಬಗ್ಗೆ 2005ರಲ್ಲೇ ಕೇಂದ್ರದ ಕಾಯಿದೆ ಬಂದಿದೆ, ಕಾವಲುಗಾರನಿಗೆ ತರಬೇತಿ ಕೊಡಬೇಕು ಎನ್ನುತ್ತದೆ. ಇವನಿಗೆ ಕೊಟ್ಟದ್ದು ನೀಲಿ ಶರ್ಟು, ಸೀಟಿ. ಕೀಲಿಕೈ ಕೊಟ್ಟವನು ಇವನಲ್ಲ. ಚಿಲಕ ಹಾಕಿಸುವ ಅಧಿಕಾರ ಇವನಿಗಿಲ್ಲ. ಆ ಹೋಟೆಲಿನಲ್ಲಿ ತನಗೆ ಗೊತ್ತಿದ್ದುದನ್ನು ಮೂರು ಸಲ ಹೇಳಿದ್ದು ಇವನೊಬ್ಬನೇ.

ಆ ಲಾಕರಿನ ತೀರ್ಪಿನಲ್ಲಿ ಇನ್ನೊಂದು ಮಾತಿದೆ. ತಪ್ಪಿತಸ್ಥ ಅಧಿಕಾರಿಗಳು ಇನ್ನೂ ಸೇವೆಯಲ್ಲಿದ್ದರೆ ಹಣವನ್ನು ಅವರ ಸಂಬಳದಿಂದ ಮುರಿಯಬೇಕು, ನಿವೃತ್ತರಾಗಿದ್ದರೆ ಬ್ಯಾಂಕೇ ಕೊಡಬೇಕು ಎಂದು. ಓದಿದಾಗ ನಾನು ನಿವೃತ್ತನಾಗಿ ಮೂರು ವರ್ಷವಾಗಿತ್ತು, ಒಳಗೊಳಗೇ ಹಗುರಾದೆ. ಹಗುರಾದದ್ದಕ್ಕೆ ಆಮೇಲೆ ನಾಚಿಕೆಯೂ ಆಯಿತು. ಹೊಣೆ ಮನುಷ್ಯನ ಮೇಲೆ ಬೀಳಬೇಕು ಎಂಬುದು ಸರಿ. ಆದರೆ ನಮ್ಮಲ್ಲಿ ಅದು ಬೀಳುವಾಗ ಮೇಲಿನಿಂದ ಜಾರುತ್ತ ಜಾರುತ್ತ ಕೆಳಗೆ ಗೇಟಿನಲ್ಲಿ ಕೂತವನ ಮೇಲೆ ಬಂದು ನಿಲ್ಲುತ್ತದೆ.

ರಿಜಿಸ್ಟರನ್ನು ಮ್ಯಾನೇಜರನ ಮುಂದೆ ಹಿಡಿದು, ಇವನನ್ನು ತೆಗೆದರೆ ಇದರ ಫೋಟೋ ಸಮೇತ ನಿಮ್ಮ ಮಾಲೀಕರಿಗೆ ಬರೆಯುತ್ತೇನೆ ಎಂದೆ. ಹೇಗೂ ಬರೆದೆ, ಎರಡು ಪುಟ, ಕೈಬರಹದಲ್ಲಿ. ಉತ್ತರ ಬಂದಿಲ್ಲ. ಬೇರೆ ಕೋಣೆ ಕೇಳಿದೆ, ಖಾಲಿ ಇಲ್ಲ ಎಂದರು. ಬೇರೆ ಹೋಟೆಲಿಗೆ ಹೋಗೋಣವೆಂದರೆ ದುಡ್ಡು ಮೊದಲೇ ಕಟ್ಟಿಯಾಗಿತ್ತು, ವಾಪಸು ಬರುವಂಥದ್ದಲ್ಲ. ಅದಕ್ಕಿಂತ ಮುಖ್ಯವಾಗಿ, ಹೋದರೆ ಮಗನಿಗೆ ಕಾರಣ ಹೇಳಬೇಕು. "ಹೇಳಬ್ಯಾಡ್ರಿ. ಆರಿಸಿ ಆರಿಸಿ ಹಿಡದಾನ. ಎಳೆ ಬಾಣಂತಿ ಮನ್ಯಾಗ, ರಾತ್ರಿ ಕೂಸಿನ್ನ ಎತ್ಕೊಂಡು ಅವನೂ ನಿದ್ದಿಗೆಟ್ಟಾನ" ಎಂದಳು ಹೆಂಡತಿ. ಮಧ್ಯಾಹ್ನ ಊಟಕ್ಕೆ ಹೋದಾಗ ಮಗ, "ರೂಮ್ ಚಲೋ ಐತಿಲ್ಲೋ ಅವ್ವ?" ಎಂದ. "ಭಾಳ ಚಲೋ ಐತಿ" ಎಂದಳು. ನಾನು ಸಾರು ಕಲಸುತ್ತಿದ್ದೆ.

ಆ ರಾತ್ರಿ ಮತ್ತೆ ಟೇಬಲ್ ಎಳೆಯುತ್ತಿರುವಾಗ ಹೊರಗೆ ಕುರ್ಚಿ ಇಟ್ಟ ಸದ್ದಾಯಿತು. ತೆರೆದು ನೋಡಿದರೆ ವಾಚ್‌ಮನ್, ನಮ್ಮ ಬಾಗಿಲಿನ ಪಕ್ಕ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದ. "ನೀಂಗ ತೂಂಗುಂಗ ಸಾರ್, ನಾನ್ ಇಂಗಯೇ ಇರುಕ್ಕೇನ್" ಎಂದ. ನೀವು ಮಲಗಿ, ನಾನು ಇಲ್ಲೇ ಇರ್ತೀನಿ. ಹೆಂಡತಿ ಐದು ನಿಮಿಷದಲ್ಲಿ ಗೊರಕೆ ಹೊಡೆದಳು. ನನಗೆ ಮಾತ್ರ ಬೇರೆ ಚಿಂತೆ ಹತ್ತಿತು. ಇವನು ಇಲ್ಲಿದ್ದರೆ ಕೆಳಗೆ ಗೇಟಿನಲ್ಲಿ ಯಾರಿದ್ದಾರೆ? ಮೂರು ಅಂತಸ್ತಿನಲ್ಲಿ ಮೂವತ್ತು ಜನ ಮಲಗಿದ್ದಾರೆ, ಅವರ ಪಾಲಿನ ಕಾವಲನ್ನು ನಾವಿಬ್ಬರು ಎತ್ತಿಕೊಂಡು ಬಂದ ಹಾಗಾಯಿತಲ್ಲ. ಎದ್ದು ಹೋಗಿ ಕೆಳಗೆ ಹೋಗಪ್ಪಾ ಎನ್ನಬೇಕಿತ್ತು. ಎನ್ನಲಿಲ್ಲ. ನನಗೂ ನಿದ್ದೆ ಬಂತು.

ಮರುದಿನ ಬಸ್ ಸ್ಟಾಪಿನ ಹತ್ತಿರದ ಹಾರ್ಡ್‌ವೇರ್ ಅಂಗಡಿಯಿಂದ ಒಂದು ಬೋಲ್ಟು, ಆರು ಸ್ಕ್ರೂ, ಒಂದು ಸ್ಕ್ರೂಡ್ರೈವರ್ ತಂದೆ. ಬೋಲ್ಟಿಗೆ 85 ರೂಪಾಯಿ. ಪಾಳಿ ಮುಗಿಸಿ ಹೊರಟಿದ್ದ ವಾಚ್‌ಮನ್ ಅರ್ಧ ತಾಸು ನಿಂತು, ಸೀಳಿದ ಜಾಗ ಬಿಟ್ಟು ಒಂದು ಗೇಣು ಕೆಳಗೆ ಅದನ್ನು ಹೊಡೆದುಕೊಟ್ಟ. ದುಡ್ಡು ಕೊಡಲು ಹೋದರೆ ತೆಗೆದುಕೊಳ್ಳಲಿಲ್ಲ, ಒಟ್ಟಿಗೆ ಚಹಾ ಕುಡಿದೆವು. ಅವನ ಹೆಸರು ಕೇಳಿಕೊಂಡೆ. ಮುಂದಿನ ಎರಡು ರಾತ್ರಿ ಅವನು ಗೇಟಿನಲ್ಲೇ ಕೂತ.

ಹೊರಡುವ ದಿನ ಮಗ ನಮ್ಮ ಚೀಲ ಕಾರಿನಲ್ಲಿಡುವಾಗ ಬದಿಯ ಖಾನೆಯಿಂದ ಸ್ಕ್ರೂಡ್ರೈವರ್ ಕೆಳಗೆ ಬಿತ್ತು. ಇದೇನು ಎಂದ. ಹೆಂಡತಿ ನನ್ನ ಮುಖ ನೋಡಿದಳು. ಸುಳ್ಳು ಹೊಳೆಯಲಿಲ್ಲ, ಇದ್ದದ್ದು ಹೇಳಿದೆ. ಕಾರಿನ ಬಾಗಿಲು ಹಿಡಿದುಕೊಂಡು ಪೂರ್ತಿ ಕೇಳಿದ. "ಮೂರು ದಿನದಿಂದ ದಿನಾ ಬಂದು ಉಂಡು ಹೋಗೀರಿ. ನನಗ ಒಂದ್ ಮಾತು ಹೇಳಬೇಕಂತ ಅನ್ನಿಸಲಿಲ್ಲ?" ಎಂದ. ಅವನ ಕಣ್ಣು ಕೆಂಪಾಗಿತ್ತು, ನಿದ್ದೆಗೆಟ್ಟದ್ದಕ್ಕೋ ಏನೋ.

"ಏನೂ ಆಗಲಿಲ್ಲಲ್ಲಪ್ಪಾ" ಎಂದೆ. ಬಾಯಿಂದ ಬಂದ ಮೇಲೆ ಗೊತ್ತಾಯಿತು.

ಸೆಂಟ್ರಲ್ ಸ್ಟೇಷನ್ ಮುಟ್ಟುವವರೆಗೂ ಅವನು ಮಾತಾಡಲಿಲ್ಲ.